ಆನ್‌ಲೈನ್ ಫೈಲ್ ಸಂಗ್ರಹ ಮತ್ತು ಸಿಂಕ್ ಸೇವೆಗಳ ಜನಪ್ರಿಯತೆ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

(ಸಿಂಕ್ ಅಂದರೆ ಒಂದು ಸಾಧನದಲ್ಲಿ ಬದಲಿಸಿದ ಫೈಲ್ ನಿಮ್ಮ ಉಳಿದ ಸಾಧನಗಳಲ್ಲೂ ತಾನಾಗಿ ಬದಲಾಗುವುದು.)

ಒಂದು ಸೇವೆಗೆ 50 ಕೋಟಿ ಬಳಕೆದಾರರಿದ್ದಾರೆ ಅಂದರೆ ಅಷ್ಟು ಜನ ಅದನ್ನು ಬಳಸುತ್ತಿದ್ದಾರೆ ಅಂತಲಾ?

ಅಲ್ಲ. ಇಂಥ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ನೋಂದಾಯಿತ ಖಾತೆಗಳ ಲೆಕ್ಕ. ಸೇವೆ ಶುರುವಾದಾಗಿನಿಂದ ಎಷ್ಟು ಖಾತೆ ತೆರೆದರು ಅನ್ನುವುದನ್ನು ಅದು ಹೇಳುತ್ತದೆ. ಆ ಖಾತೆಯಲ್ಲಿ ಇವತ್ತು ಏನಾದರೂ ನಡೆಯುತ್ತಿದೆಯಾ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಒಂದು ಖಾತೆ ಅಂದರೆ ಒಬ್ಬ ಮನುಷ್ಯ ಅಂತಲೂ ಅಲ್ಲ. ಒಬ್ಬರೇ ಕಚೇರಿಗೊಂದು, ಮನೆಗೊಂದು ಖಾತೆ ಇಟ್ಟುಕೊಂಡಿರುತ್ತಾರೆ. ಪಾಸ್‌ವರ್ಡ್ ಮರೆತು ಹೊಸದನ್ನು ತೆರೆದವರಿರುತ್ತಾರೆ. ಗೆಳೆಯರು ಕಳಿಸಿದ ಒಂದೇ ಒಂದು ಫೈಲ್ ಇಳಿಸಿಕೊಳ್ಳಲು ನೋಂದಾಯಿಸಿ, ಮತ್ತೆ ಆ ಕಡೆ ತಲೆ ಹಾಕದವರೂ ಇರುತ್ತಾರೆ. ಇಂಥ ಸೇವೆಗಳಲ್ಲೊಂದಾದ ಡ್ರಾಪ್‌ಬಾಕ್ಸ್ ಮೊದಲ ವರ್ಷಗಳಲ್ಲಿ, ಪರಿಚಯದವರನ್ನು ಸೇರಿಸಿದರೆ ಇಬ್ಬರಿಗೂ ಹೆಚ್ಚುವರಿ ಜಾಗ ಕೊಡುತ್ತಿತ್ತು. ಇದರಿಂದ ನೋಂದಣಿ ಶೇ 60ರಷ್ಟು ಏರಿತು ಎಂದು ಸಂಸ್ಥಾಪಕ ಡ್ರೂ ಹ್ಯೂಸ್ಟನ್ ಹೇಳಿದ್ದರು. ಬೆಳೆಯಲು ಇದು ಒಳ್ಳೆಯ ದಾರಿಯೇ. ಆದರೆ ಜಾಗದ ಆಸೆಗೆ ತೆರೆದ ಖಾತೆ, ನಿಜವಾಗಿ ಬೇಕಾಗಿ ತೆರೆದ ಖಾತೆ ಎರಡೂ ಒಂದೇ ಲೆಕ್ಕಕ್ಕೆ ಸೇರಿಬಿಡುತ್ತವೆ.

ಬಳಕೆದಾರರ ಲೆಕ್ಕದಲ್ಲಿ ಎಷ್ಟು ಬಗೆ ಇದೆ?

ಮುಖ್ಯವಾಗಿ ಮೂರು: ನೋಂದಾಯಿತರು, ಸಕ್ರಿಯರು, ದುಡ್ಡು ಕೊಡುವವರು. ಈ ಮೂರರ ನಡುವಿನ ಅಂತರ ತುಂಬಾ ದೊಡ್ಡದು. ಡ್ರಾಪ್‌ಬಾಕ್ಸ್ 2018ರಲ್ಲಿ ಷೇರುಪೇಟೆಗೆ ಬರುವಾಗ ಕೊಟ್ಟ ದಾಖಲೆಯನ್ನೇ ನೋಡಿ. ನೋಂದಾಯಿತರು 50 ಕೋಟಿಗೂ ಜಾಸ್ತಿ. 2017ರ ಕೊನೆಗೆ ದುಡ್ಡು ಕೊಡುತ್ತಿದ್ದವರು 1.1 ಕೋಟಿ. ಅಂದರೆ ನೂರಕ್ಕೆ ಹೆಚ್ಚೂಕಮ್ಮಿ ಇಬ್ಬರು. ಎರಡೂ ಒಂದೇ ಕಂಪನಿಯ, ಒಂದೇ ಹೊತ್ತಿನ ಸಂಖ್ಯೆಗಳು. ಯಾವುದನ್ನು ತಲೆಬರಹಕ್ಕೆ ಹಾಕುತ್ತೀರಿ ಅನ್ನುವುದರ ಮೇಲೆ ಓದುಗರಿಗೆ ಸಿಗುವ ಚಿತ್ರವೇ ಬದಲಾಗುತ್ತದೆ.

ಸಕ್ರಿಯ ಬಳಕೆದಾರರ ಸಂಖ್ಯೆ ಸಿಕ್ಕರೆ ಸಾಕಲ್ವಾ?

ನೋಂದಾಯಿತರ ಸಂಖ್ಯೆಗಿಂತ ಖಂಡಿತ ಮೇಲು. ಆದರೆ ಎಷ್ಟು ದಿನಗಳ ಲೆಕ್ಕ ಅನ್ನುವುದನ್ನು ಮೊದಲು ಕೇಳಬೇಕು. 2014ರ ಜೂನ್‌ನಲ್ಲಿ ಗೂಗಲ್ ಡ್ರೈವ್‌ಗೆ 19 ಕೋಟಿ ಸಕ್ರಿಯ ಬಳಕೆದಾರರಿದ್ದಾರೆ ಎಂದು ಗೂಗಲ್ ಹೇಳಿತು. ಅದು 30 ದಿನಗಳ ಲೆಕ್ಕ ಎಂದೂ ಸ್ಪಷ್ಟಪಡಿಸಿತು. ಹೀಗೆ ಹೇಳಿದಾಗ ಆ ಸಂಖ್ಯೆಗೊಂದು ತೂಕ ಬರುತ್ತದೆ. ತಿಂಗಳಿಗೊಮ್ಮೆ ಬಂದವರು, ದಿನಾ ಬರುವವರು ಇಬ್ಬರ ಲೆಕ್ಕವೂ ಸಿಕ್ಕರೆ ಇನ್ನೂ ಒಳ್ಳೆಯದು. ದಿನದ ಸಂಖ್ಯೆಯನ್ನು ತಿಂಗಳ ಸಂಖ್ಯೆಯಿಂದ ಭಾಗಿಸಿದರೆ, ಸೇವೆ ಎಷ್ಟು ಅಭ್ಯಾಸವಾಗಿದೆ ಎಂದು ಅಂದಾಜು ಸಿಗುತ್ತದೆ.

ಸಿಂಕ್ ಸೇವೆಗಳಲ್ಲಿ ಇನ್ನೊಂದು ತೊಡಕಿದೆ. ಅದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಸಿಂಕ್ ಚೆನ್ನಾಗಿ ನಡೆಯುತ್ತಿದ್ದರೆ ಬಳಸುವವರು ಆ್ಯಪ್ ತೆರೆಯುವುದೇ ಇಲ್ಲ. ಒಂದು ಕಂಪ್ಯೂಟರಿನಲ್ಲಿ ಫೈಲ್ ಉಳಿಸುತ್ತಾರೆ, ಇನ್ನೊಂದರಲ್ಲಿ ಅದು ಬಂದು ಕೂತಿರುತ್ತದೆ. ಆ್ಯಪ್ ತೆರೆದವರನ್ನು ಮಾತ್ರ ಎಣಿಸಿದರೆ ಸೇವೆಯ ಮೇಲೆ ಅತಿ ಹೆಚ್ಚು ಅವಲಂಬಿಸಿದವರೇ ಲೆಕ್ಕದಿಂದ ಹೊರಗುಳಿಯಬಹುದು. ಇದರ ಉಲ್ಟಾ ಕೂಡ ನಿಜ. ಕಂಪ್ಯೂಟರ್ ಆನ್ ಆದಾಗೆಲ್ಲ ಹಿನ್ನೆಲೆಯಲ್ಲಿರುವ ಸಿಂಕ್ ತಂತ್ರಾಂಶ ಸರ್ವರ್ ಅನ್ನು ಸಂಪರ್ಕಿಸುತ್ತದೆ. ಅದನ್ನೂ ಬಳಕೆ ಎಂದು ಎಣಿಸಿದರೆ, ಎರಡು ವರ್ಷದಿಂದ ಒಂದು ಫೈಲೂ ಬದಲಾಗದ ಖಾತೆಯೂ ದಿನಾ ಸಕ್ರಿಯವಾಗಿ ಕಾಣುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಸರಿಯಾದ ಪ್ರಶ್ನೆ ಇದು: ಕಳೆದ 30 ದಿನಗಳಲ್ಲಿ ಎಷ್ಟು ಖಾತೆಗಳಲ್ಲಿ ಕನಿಷ್ಠ ಒಂದು ಫೈಲ್ ಬದಲಾಗಿ, ಆ ಬದಲಾವಣೆ ಎರಡನೇ ಸಾಧನಕ್ಕೋ ಎರಡನೇ ವ್ಯಕ್ತಿಗೋ ತಲುಪಿತು? ಸಿಂಕ್ ಇರುವುದೇ ಅದಕ್ಕೆ. ಅದನ್ನೇ ಎಣಿಸಬೇಕು.

ದುಡ್ಡು ಕೊಡುವವರ ಲೆಕ್ಕ ಎಷ್ಟು ನಂಬಬಹುದು?

ಸಾರ್ವಜನಿಕವಾಗಿ ಸಿಗುವ ಅಂಕಿಗಳಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ. ಷೇರುಪೇಟೆಯಲ್ಲಿರುವ ಕಂಪನಿ ವರದಿಯಲ್ಲಿ ಬಾಯಿಗೆ ಬಂದಂತೆ ಸಂಖ್ಯೆ ಹಾಕಲು ಆಗುವುದಿಲ್ಲ. ಡ್ರಾಪ್‌ಬಾಕ್ಸ್‌ಗೆ ದುಡ್ಡು ಕೊಡುವವರು 2015ರ ಕೊನೆಗೆ 65 ಲಕ್ಷ, 2016ಕ್ಕೆ 88 ಲಕ್ಷ, 2017ಕ್ಕೆ 1.1 ಕೋಟಿ ಇದ್ದರು. 2023ರ ಕೊನೆಗೆ 1.81 ಕೋಟಿ, 2024ಕ್ಕೆ 1.82 ಕೋಟಿ. 2016ರಿಂದ 2017ಕ್ಕೆ ಶೇ 25ರಷ್ಟು ಬೆಳೆದಿದ್ದ ಸಂಖ್ಯೆ, 2023ರಿಂದ 2024ಕ್ಕೆ ಶೇ 1ರಷ್ಟೂ ಬೆಳೆಯಲಿಲ್ಲ. ನೋಂದಾಯಿತರ ಸಂಖ್ಯೆಯನ್ನಷ್ಟೇ ನೋಡುತ್ತಿದ್ದವರಿಗೆ ಈ ತಿರುವು ಕಾಣುವುದೇ ಇಲ್ಲ.

ಇಲ್ಲೂ ಒಂದೆರಡು ವಿಷಯ ಗಮನಿಸಬೇಕು. 50 ಜನರ ಕಂಪನಿ ಚಂದಾ ಕೊಟ್ಟರೆ ಡ್ರಾಪ್‌ಬಾಕ್ಸ್ 50 ಬಳಕೆದಾರರು ಎಂದು ಎಣಿಸುತ್ತದೆ. ಆ 50 ಜನರಲ್ಲಿ ಎಷ್ಟು ಮಂದಿ ನಿಜವಾಗಿ ಬಳಸುತ್ತಾರೆ ಅನ್ನುವುದು ಬೇರೆ ಮಾತು. ಇನ್ನು, ಗೂಗಲ್ ಡ್ರೈವ್ ಅಥವಾ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಜಾಗ ಬೇರೆ ಸೌಲಭ್ಯಗಳ ಜೊತೆ ಒಂದೇ ಚಂದಾದಲ್ಲಿ ಬರುತ್ತದೆ. ಗೂಗಲ್‌ನ ಇಂಥ ಚಂದಾ ಯೋಜನೆಯಾದ ಗೂಗಲ್ ಒನ್‌ಗೆ 10 ಕೋಟಿ ಚಂದಾದಾರರಾದರು ಎಂಬ ಸುದ್ದಿ 2024ರ ಫೆಬ್ರವರಿಯಲ್ಲಿ ಬಂತು. ಅವರಲ್ಲಿ ಫೋಟೊ ಇಡಲು ಜಾಗ ಕೊಂಡವರು, ತುಂಬಿಹೋದ ಜಿಮೇಲ್‌ಗಾಗಿ ಕೊಂಡವರು, ಫೈಲ್ ಸಿಂಕ್‌ಗೆ ಕೊಂಡವರು ಎಲ್ಲರೂ ಸೇರಿದ್ದಾರೆ.

ಆದಾಯ ನೋಡಿ ಜನಪ್ರಿಯತೆ ಹೇಳಬಹುದಾ?

ಅಷ್ಟು ಸುಲಭವಲ್ಲ. ಬೆಲೆ ಬದಲಾಗುತ್ತಲೇ ಇರುತ್ತದೆ. 2014ರ ಮಾರ್ಚ್‌ನಲ್ಲಿ ಗೂಗಲ್ 1 ಟಿಬಿ ಜಾಗದ ತಿಂಗಳ ಬೆಲೆಯನ್ನು 49.99 ಡಾಲರ್‌ನಿಂದ 9.99 ಡಾಲರ್‌ಗೆ ಇಳಿಸಿತು. ಹಾಗಿರುವಾಗ ಗಿರಾಕಿಗಳು ಎರಡು ಪಟ್ಟಾದರೂ ಅದರಿಂದ ಬರುವ ಆದಾಯ ಕಡಿಮೆಯೇ ಆಗುತ್ತದೆ. ಬೆಲೆ ಏರಿದಾಗ ಇದರ ಉಲ್ಟಾ ಆಗಬಹುದು.

ಬೆಳವಣಿಗೆಯ ವೇಗವನ್ನು ಲೆಕ್ಕ ಹಾಕುವುದು ಹೇಗೆ?

ಸಂಖ್ಯೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಎರಡು ಪಟ್ಟಾಗಲು ಎಷ್ಟು ಕಾಲ ಹಿಡಿಯಿತು ಎಂದು ನೋಡಿ. ಡ್ರಾಪ್‌ಬಾಕ್ಸ್ ಎಲ್ಲರಿಗೂ ತೆರೆದದ್ದು 2008ರ ಸೆಪ್ಟೆಂಬರ್‌ನಲ್ಲಿ. ನೋಂದಾಯಿತರು 2010ರ ಜನವರಿಗೆ 40 ಲಕ್ಷ, 2011ರ ಏಪ್ರಿಲ್‌ಗೆ 2.5 ಕೋಟಿ, 2012ರ ನವೆಂಬರ್‌ಗೆ 10 ಕೋಟಿ. 10 ಕೋಟಿ 20 ಕೋಟಿಯಾಗಲು ಒಂದು ವರ್ಷ ಸಾಕಾಯಿತು. 20 ಕೋಟಿ 40 ಕೋಟಿಯಾಗಲು, ಅಂದರೆ 2013ರ ನವೆಂಬರ್‌ನಿಂದ 2015ರ ಜೂನ್‌ವರೆಗೆ, 19 ತಿಂಗಳು ಬೇಕಾಯಿತು. 2016ರ ಮಾರ್ಚ್‌ಗೆ 50 ಕೋಟಿ ಮುಟ್ಟಿದ ಸಂಖ್ಯೆ 70 ಕೋಟಿ ದಾಟುವಷ್ಟರಲ್ಲಿ ನಾಲ್ಕಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಪ್ರತಿ ಘೋಷಣೆಯಲ್ಲೂ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದೇ. ಆದರೆ ವೇಗ ತಗ್ಗುತ್ತಾ ಬಂದಿದೆ. ಇದರಲ್ಲಿ ಅವಮಾನವೇನೂ ಇಲ್ಲ, ಬೇಕಾದವರ ಕೈಗೆಲ್ಲ ತಲುಪಿದ ಯಾವುದೇ ವಸ್ತುವಿನ ಬೆಳವಣಿಗೆಯೂ ಹೀಗೆಯೇ ಸಾಗುತ್ತದೆ. ಶುರುವಿನ ಎರಡು ವರ್ಷದ ವೇಗ ಹಿಡಿದು ಮುಂದಿನ ಹತ್ತು ವರ್ಷದ ಗೆರೆ ಎಳೆಯುವುದು ಮಾತ್ರ ತಪ್ಪು.

ಫೋನ್ ಅಥವಾ ಕಂಪ್ಯೂಟರ್ ಜೊತೆಗೇ ಬರುವ ಸೇವೆಗಳನ್ನು ಹೇಗೆ ನೋಡಬೇಕು?

ಎಚ್ಚರಿಕೆಯಿಂದ. ಆ್ಯಪಲ್ 2011ರ ಅಕ್ಟೋಬರ್‌ನಲ್ಲಿ ಐಕ್ಲೌಡ್ ತಂದಾಗ ಮೊದಲ ಕೆಲವೇ ದಿನಗಳಲ್ಲಿ 2 ಕೋಟಿ ಜನ ಸೇರಿದರು. 2012ರ ಜುಲೈಗೆ 15 ಕೋಟಿ, 2013ರ ಏಪ್ರಿಲ್‌ಗೆ 30 ಕೋಟಿ, 2016ರ ಫೆಬ್ರವರಿಗೆ 78.2 ಕೋಟಿ. ಡ್ರಾಪ್‌ಬಾಕ್ಸ್ ನಾಲ್ಕು ವರ್ಷದಲ್ಲಿ ತಲುಪಿದ್ದನ್ನು ಐಕ್ಲೌಡ್ ತಿಂಗಳುಗಳಲ್ಲಿ ದಾಟಿತು. ಕಾರಣ ಸರಳ. ಹೊಸ ಫೋನ್ ಸೆಟ್ ಮಾಡುವಾಗಲೇ ಅದು ಬೇಕಾ ಎಂದು ಕೇಳುತ್ತದೆ, ನಾವು ಸರಿ ಅನ್ನುತ್ತೇವೆ.

ಹುಡುಕಿಕೊಂಡು ಹೋಗಿ ಇಳಿಸಿಕೊಂಡವರಿಗೂ, ಕೈಗೆ ಬಂದದ್ದನ್ನು ಒಪ್ಪಿಕೊಂಡವರಿಗೂ ವ್ಯತ್ಯಾಸವಿದೆ. ಹಾಗಂತ ಎರಡನೆಯದು ಸುಳ್ಳು ಬಳಕೆ ಎಂದು ನಾನು ಹೇಳುತ್ತಿಲ್ಲ. ಫೋನ್ ಕಳೆದುಹೋದ ದಿನ, ಫೋಟೊಗಳೆಲ್ಲ ಹೊಸ ಫೋನಿಗೆ ತಾನಾಗಿ ಬಂದಾಗ ಆ ಮನುಷ್ಯನಿಗೆ ಆಗುವ ಉಪಕಾರ ನಿಜವಾದದ್ದೇ. ಆದರೆ ಜನ ಇದನ್ನೇ ಆಯ್ದುಕೊಂಡರು ಎಂಬ ವಾದಕ್ಕೆ ಇಂಥ ಸಂಖ್ಯೆ ಪುರಾವೆಯಾಗುವುದಿಲ್ಲ.

ಎರಡು ಸೇವೆಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದಾ?

ಬಹುತೇಕ ಸಲ ಆಗುವುದಿಲ್ಲ. 2013ರಲ್ಲಿ ಸ್ಕೈಡ್ರೈವ್‌ಗೆ (ಒನ್‌ಡ್ರೈವ್‌ನ ಆಗಿನ ಹೆಸರು) 25 ಕೋಟಿ ಬಳಕೆದಾರರು ಎಂದು ಮೈಕ್ರೋಸಾಫ್ಟ್ ಹೇಳಿತು. ಅದೇ ವರ್ಷ ಡ್ರಾಪ್‌ಬಾಕ್ಸ್ 20 ಕೋಟಿ ಎಂದಿತು. ಒಂದು ಮೈಕ್ರೋಸಾಫ್ಟ್ ಖಾತೆಯ ಜೊತೆ ಸಿಗುವಂಥದ್ದು, ಇನ್ನೊಂದು ಪ್ರತ್ಯೇಕವಾಗಿ ನೋಂದಾಯಿಸಬೇಕಾದದ್ದು. ಒಂದೇ ಸೇವೆಯನ್ನು ಒಂದೇ ಅಳತೆಯಲ್ಲಿ ವರ್ಷದಿಂದ ವರ್ಷಕ್ಕೆ ನೋಡುವುದು ಇದಕ್ಕಿಂತ ಎಷ್ಟೋ ಉಪಯುಕ್ತ.

ಒಟ್ಟು ಎಷ್ಟು ಜಿಬಿ, ಎಷ್ಟು ಟಿಬಿ ಸಂಗ್ರಹವಾಗಿದೆ ಎಂದು ನೋಡಿದರೆ?

ಇದು ಮೋಸದ ಅಳತೆ. ಬೆರಳೆಣಿಕೆಯ ಜನ ಇಡೀ ಮೊತ್ತವನ್ನು ಎಳೆದಾಡುತ್ತಾರೆ.

ಒಳ್ಳೆಯ ಉದಾಹರಣೆ ಒನ್‌ಡ್ರೈವ್‌ನದು. 2014ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಆಫೀಸ್ 365 ಚಂದಾದಾರರಿಗೆ ಮಿತಿಯಿಲ್ಲದ ಜಾಗ ಘೋಷಿಸಿತು. 2015ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಕೆಲವರು ತಮ್ಮ ಹಲವು ಕಂಪ್ಯೂಟರುಗಳ ಬ್ಯಾಕಪ್, ಸಿನಿಮಾ ಸಂಗ್ರಹ ಎಲ್ಲ ತಂದು ತುಂಬಿದ್ದರು. ಕೆಲವು ಖಾತೆಗಳು 75 ಟಿಬಿ ದಾಟಿದ್ದವು, ಅದು ಸರಾಸರಿಯ 14,000 ಪಟ್ಟು ಎಂದು ಕಂಪನಿ ಹೇಳಿತು. ಈ ಎರಡು ಸಂಖ್ಯೆಗಳನ್ನು ಸೇರಿಸಿ ಓದಿ. 75 ಟಿಬಿಯನ್ನು 14,000ದಿಂದ ಭಾಗಿಸಿದರೆ ಸುಮಾರು 5.4 ಜಿಬಿ. ಮಿತಿಯೇ ಇಲ್ಲ ಎಂದರೂ ಆಗಿನ ಸರಾಸರಿ ಬಳಕೆ ಅಷ್ಟೇ ಇತ್ತು! ಜನಪ್ರಿಯತೆಯ ಬಗ್ಗೆ ನಿಜ ಹೇಳುವುದು ಈ 5.4 ಜಿಬಿ.

ಇಂಥದ್ದೇ ಮತ್ತೆ ನಡೆಯಿತು. 2023ರ ಆಗಸ್ಟ್‌ನಲ್ಲಿ ಡ್ರಾಪ್‌ಬಾಕ್ಸ್ ತನ್ನ ವ್ಯಾಪಾರಿ ಯೋಜನೆಯೊಂದರಲ್ಲಿ "ಬೇಕಾದಷ್ಟು ಜಾಗ" ಕೊಡುವುದನ್ನು ನಿಲ್ಲಿಸಿತು. ಕೆಲವರು ಡಿಸ್ಕ್ ಜಾಗ ತುಂಬಿಸಿ ಗಳಿಸುವ ಚಿಯಾದಂಥ ಕ್ರಿಪ್ಟೊ ಹಣ ಗಳಿಸಲು ಆ ಜಾಗ ಬಳಸುತ್ತಿದ್ದರು. ಹೀಗೆ ತುಂಬಿದ ಟಿಬಿಗಳಿಗೂ ಸೇವೆಯ ಮೇಲಿನ ಜನರ ಒಲವಿಗೂ ಸಂಬಂಧವಿಲ್ಲ.

ಎಣಿಕೆಯಲ್ಲೇ ಇನ್ನೊಂದು ಕಷ್ಟವಿದೆ. ಡ್ರಾಪ್‌ಬಾಕ್ಸ್ ಫೈಲನ್ನು 4 ಎಂಬಿಯವರೆಗಿನ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ಒಂದು ಗುರುತು ಲೆಕ್ಕ ಹಾಕುತ್ತದೆ. ಅದೇ ಗುರುತಿನ ತುಂಡು ಈಗಾಗಲೇ ಸರ್ವರ್‌ನಲ್ಲಿದ್ದರೆ ಮತ್ತೆ ಕಳಿಸುವುದಿಲ್ಲ. ಹಂಚಿಕೊಂಡ ಫೋಲ್ಡರ್ ಹತ್ತು ಜನರ ಖಾತೆಯಲ್ಲಿ ಕಂಡರೂ ಡಿಸ್ಕಿನಲ್ಲಿ ಒಬ್ಬೊಬ್ಬರಿಗೂ ಬೇರೆ ಪ್ರತಿ ಇಡುವುದಿಲ್ಲ. ಬಳಕೆದಾರರಿಗೆ ಕಾಣುವ ಗಾತ್ರ, ಕಳಿಸಿದ ಗಾತ್ರ, ಡಿಸ್ಕಿನಲ್ಲಿ ಹಿಡಿದ ಗಾತ್ರ ಮೂರೂ ಬೇರೆ ಬೇರೆ. ಯಾವುದರ ಮಾತು ಎಂದು ಹೇಳದ ಟಿಬಿ ಲೆಕ್ಕದಿಂದ ಪ್ರಯೋಜನವಿಲ್ಲ.

ಕಂಪನಿಯ ಮಾತು ಬಿಟ್ಟು ಹೊರಗಿನಿಂದ ಅಳೆಯಲು ಆಗುತ್ತದಾ?

ಆಗುತ್ತದೆ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ನಡೆದಿರುವುದು ಇಲ್ಲೇ. 2012ರಲ್ಲಿ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ, ಇಟಲಿಯ ಟುರಿನ್ ಪಾಲಿಟೆಕ್ನಿಕ್‌ನ ಸಂಶೋಧಕರು ಮತ್ತು ಅವರ ಜೊತೆಗಾರರು ಯುರೋಪಿನ ನಾಲ್ಕು ನೆಟ್‌ವರ್ಕ್‌ಗಳಲ್ಲಿ ಅಳತೆ ನಡೆಸಿದರು. ಅವುಗಳಲ್ಲಿ ಎರಡು ನೆಟ್‌ವರ್ಕ್ ವಿಶ್ವವಿದ್ಯಾಲಯದ ಆವರಣದವು, ಇನ್ನೆರಡು ಮನೆಮನೆಗೆ ಇಂಟರ್ನೆಟ್ ಕೊಡುವವು. ಮಾರ್ಚ್ 24ರಿಂದ ಮೇ 5ರವರೆಗೆ, 42 ದಿನ. ಫೈಲ್‌ಗಳ ಒಳಗೆ ಇಣುಕಲಿಲ್ಲ. ಯಾವ ಹೆಸರಿನ ಸರ್ವರ್ ಜೊತೆ ಸಂಪರ್ಕ ಆಯಿತು, ಎಷ್ಟು ಬೈಟ್ ಹೋಯಿತು, ಎಷ್ಟು ಬಂತು ಎಂಬುದನ್ನು ನೋಡಿದರು.

ಅವರಿಗೆ ಒಂದು ಅನುಕೂಲ ಒದಗಿತ್ತು. ಫೈಲ್‌ಗಳು ಗೂಢಲಿಪಿಯಲ್ಲಿ ಹೋಗುತ್ತಿದ್ದರೂ, ಬದಲಾವಣೆ ಆಗಿದೆಯಾ ಎಂದು ಕೇಳುವ ಡ್ರಾಪ್‌ಬಾಕ್ಸ್‌ನ ಸಂದೇಶ ಆಗ ತೆರೆದ ರೂಪದಲ್ಲೇ ಹೋಗುತ್ತಿತ್ತು. ಅದರಲ್ಲಿ ಪ್ರತಿ ಸಾಧನಕ್ಕೂ ಒಂದು ಸಂಖ್ಯೆ, ಪ್ರತಿ ಹಂಚಿದ ಫೋಲ್ಡರಿಗೂ ಒಂದು ಸಂಖ್ಯೆ ಇರುತ್ತಿತ್ತು. ಹೆಸರು ಗೊತ್ತಾಗದೆಯೇ ಎಷ್ಟು ಸಾಧನ, ಎಷ್ಟು ಹಂಚಿಕೆ ಎಂದು ಎಣಿಸಲು ಸಾಧ್ಯವಾಯಿತು.

ಸಿಕ್ಕ ಫಲ ಗಮನಿಸಿ. ಒಂದು ವಿಶ್ವವಿದ್ಯಾಲಯದಲ್ಲಿ ಡ್ರಾಪ್‌ಬಾಕ್ಸ್ ಒಂದೇ ದಿನಕ್ಕೆ ಸುಮಾರು 100 ಜಿಬಿ ಸಾಗಿಸುತ್ತಿತ್ತು. ಅದು ಆ ನೆಟ್‌ವರ್ಕ್‌ನ ಒಟ್ಟು ಸಾಗಾಟದ ಶೇ 4, ಅಲ್ಲಿನ ಯೂಟ್ಯೂಬ್ ಬಳಕೆಯ ಮೂರನೇ ಒಂದು ಭಾಗ. ಹುಟ್ಟಿ ನಾಲ್ಕು ವರ್ಷ ತುಂಬದ ಸೇವೆಗೆ ಇದು ಸಣ್ಣದಲ್ಲ. ಇನ್ನೊಂದು ಕಡೆ, ಮನೆಗಳಲ್ಲಿದ್ದ ಬಳಕೆದಾರರಲ್ಲಿ ಸುಮಾರು ಶೇ 30 ಮಂದಿ ತಂತ್ರಾಂಶ ಹಾಕಿಕೊಂಡು ಸುಮ್ನೆ ಬಿಟ್ಟವರು, ಡೇಟಾ ಹೆಚ್ಚೂಕಮ್ಮಿ ಕಳಿಸದವರು. ಡ್ರಾಪ್‌ಬಾಕ್ಸ್ ಇದ್ದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಒಂದೇ ಸಾಧನ ಇತ್ತು. ಜನಪ್ರಿಯತೆಯೂ ನಿಜ, ಖಾಲಿ ಬಿದ್ದ ಖಾತೆಗಳೂ ನಿಜ. ಒಂದೇ ಅಳತೆಯಲ್ಲಿ ಎರಡೂ ಕಂಡವು.

ಅಳತೆ ನಡೆಯುತ್ತಿದ್ದಾಗಲೇ, ಏಪ್ರಿಲ್ 24ರಂದು, ಗೂಗಲ್ ಡ್ರೈವ್ ಬಿಡುಗಡೆಯಾಯಿತು. ಅಂದಿನಿಂದ ಅದರ ಬಳಕೆ ದಾಖಲೆಯಲ್ಲಿ ಮೇಲೇಳುವುದು ಕಾಣುತ್ತದೆ. ಒಂದು ಸೇವೆಯ ಹುಟ್ಟನ್ನು ಕಂಪನಿಯ ಹೇಳಿಕೆಯಿಲ್ಲದೆ, ನೆಟ್‌ವರ್ಕ್‌ನಲ್ಲೇ ನೋಡಲು ಸಿಗುವುದು ಬಹಳ ಅಪರೂಪ.

ಅದೇ ವಿಧಾನ ಈಗಲೂ ನಡೆಯುತ್ತದಾ?

ಕಷ್ಟ. ಈಗ ಹೆಚ್ಚೂಕಮ್ಮಿ ಎಲ್ಲ ಸಂದೇಶಗಳೂ ಗೂಢಲಿಪಿಯಲ್ಲಿ ಹೋಗುತ್ತವೆ. ಸರ್ವರ್ ಹೆಸರು ಹೇಳಿ ಅದರ ವಿಳಾಸ ಕೇಳುವ ಡಿಎನ್‌ಎಸ್ ವಿಚಾರಣೆಗಳನ್ನೂ ಮುಚ್ಚುವ ವ್ಯವಸ್ಥೆಗಳು ಬಂದಿವೆ. ಒಂದೇ ಸರ್ವರ್ ವಿಳಾಸದ ಹಿಂದೆ ಮೇಲ್, ಫೋಟೊ, ಫೈಲ್ ಎಲ್ಲ ಇರಬಹುದು. ಸರ್ವರ್‌ಗಳ ಜಾಗವೂ ಬದಲಾಗುತ್ತದೆ: ಡ್ರಾಪ್‌ಬಾಕ್ಸ್ ಮೊದಲು ಅಮೆಜಾನ್‌ನ ಜಾಗದಲ್ಲಿ ಫೈಲ್ ಇಡುತ್ತಿತ್ತು, 2016ರ ಹೊತ್ತಿಗೆ ಶೇ 90ಕ್ಕೂ ಹೆಚ್ಚನ್ನು ತನ್ನದೇ ವ್ಯವಸ್ಥೆಗೆ ತಂದಿತ್ತು. ಹಳೆಯ ವಿಳಾಸಗಳ ಪಟ್ಟಿ ಹಿಡಿದು ಎಣಿಸುತ್ತಿದ್ದವರಿಗೆ ಸೇವೆ ಕುಸಿದಂತೆ ಕಂಡಿರುತ್ತದೆ.

ಅಳೆಯುವವರಿಗೆ ಇದು ನಷ್ಟವೇ. ಆದರೂ ಬಳಸುವವರ ಗುಟ್ಟು ಉಳಿಯುವುದು ಮುಖ್ಯ. ಯಾವುದು ಬೇಕು ಎಂದು ಕೇಳಿದರೆ ನಾನು ಗೂಢಲಿಪಿಯ ಪರ.

ಗೂಗಲ್ ಟ್ರೆಂಡ್ಸ್ ನೋಡಿದರೆ ಸಾಕಾಗುವುದಿಲ್ಲವೇ?

ಟ್ರೆಂಡ್ಸ್ ತೋರಿಸುವುದು ಹುಡುಕಾಟದ ಆಸಕ್ತಿ, ಬಳಕೆ ಅಲ್ಲ. ಅಲ್ಲಿರುವ 0ಯಿಂದ 100ರ ಸಂಖ್ಯೆ ಹುಡುಕಾಟಗಳ ಎಣಿಕೆಯೂ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಅತಿ ಹೆಚ್ಚು ಆಸಕ್ತಿ ಇದ್ದ ಹೊತ್ತಿಗೆ 100 ಕೊಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ. ಅವಧಿ ಬದಲಿಸಿದರೆ ಸಂಖ್ಯೆಯೂ ಬದಲಾಗುತ್ತದೆ.

ಸಿಂಕ್ ಸೇವೆ ಒಮ್ಮೆ ಹಾಕಿಕೊಂಡರೆ ಅದನ್ನು ಹುಡುಕುವ ಅಗತ್ಯವೇ ಇರುವುದಿಲ್ಲ. ಹಾಗಾಗಿ ಹುಡುಕಾಟ ಇಳಿದರೆ ಬಳಕೆ ಇಳಿಯಿತು ಅಂತಲ್ಲ. ಸೇವೆ ಕೈಕೊಟ್ಟ ದಿನ, ಪಾಸ್‌ವರ್ಡ್ ಸೋರಿದ ದಿನ ಹುಡುಕಾಟ ಏರುತ್ತದೆ. ಹೆಸರು ಬದಲಾದರಂತೂ ಗೆರೆಯೇ ತುಂಡಾಗುತ್ತದೆ. ಸ್ಕೈಡ್ರೈವ್ 2014ರ ಫೆಬ್ರವರಿಯಲ್ಲಿ ಒನ್‌ಡ್ರೈವ್ ಆಯಿತು. ಒಂದರ ಗೆರೆ ಇಳಿಯುತ್ತದೆ, ಇನ್ನೊಂದರದ್ದು ಏರುತ್ತದೆ, ಸೇವೆ ಅದೇ. "ಬಾಕ್ಸ್"ನಂಥ ಸಾಮಾನ್ಯ ಪದವೇ ಹೆಸರಾಗಿದ್ದರೆ ಯಾರು ಏನು ಹುಡುಕಿದರು ಎಂದು ಬಿಡಿಸುವುದೇ ಕಷ್ಟ.

ಆ್ಯಪ್ ಡೌನ್‌ಲೋಡ್ ಸಂಖ್ಯೆ?

ಫೋನ್‌ನಲ್ಲಿ ಮೊದಲೇ ಇರುವ ಆ್ಯಪ್‌ಗಳ ವಿಷಯದಲ್ಲಿ ಅದಕ್ಕೆ ಅರ್ಥವಿಲ್ಲ. ಉಳಿದವುಗಳಲ್ಲೂ ಹಾಕಿಕೊಂಡವರು ಕಾಣುತ್ತಾರೆ, ತೆಗೆದುಹಾಕಿದವರು ಕಾಣುವುದಿಲ್ಲ.

ಜನರನ್ನೇ ಕೇಳುವ ಸಮೀಕ್ಷೆಗಳು ಹೇಗೆ?

ಸರಿಯಾಗಿ ಮಾಡಿದರೆ ಬಹಳ ಒಳ್ಳೆಯವು. ಯಾಕಂದರೆ ಸಮೀಕ್ಷೆ ಎಣಿಸುವುದು ಮನುಷ್ಯರನ್ನು, ಖಾತೆಗಳನ್ನಲ್ಲ. ಯುರೋಪಿನ ಅಂಕಿಅಂಶ ಸಂಸ್ಥೆ ಯುರೋಸ್ಟಾಟ್ 2014ರಲ್ಲಿ 16ರಿಂದ 74 ವರ್ಷದವರನ್ನು ಕೇಳಿತು. ಯುರೋಪಿಯನ್ ಒಕ್ಕೂಟದಲ್ಲಿ ಶೇ 21 ಮಂದಿ ಇಂಟರ್ನೆಟ್‌ನಲ್ಲಿ ಫೈಲ್ ಇಡುತ್ತೇವೆ ಎಂದರು. ಡೆನ್ಮಾರ್ಕ್‌ನಲ್ಲಿ ಆ ಪ್ರಮಾಣ ಶೇ 44. ದೇಶದಿಂದ ದೇಶಕ್ಕೆ ಇಷ್ಟು ಅಂತರ ಇದೆ ಎಂಬ ಮಾತು ಯಾವ ಕಂಪನಿಯ ಘೋಷಣೆಯಿಂದಲೂ ಹೊರಬರುವುದಿಲ್ಲ. ಕಂಪನಿಗಳನ್ನೂ ಅದೇ ಸಂಸ್ಥೆ ಕೇಳುತ್ತದೆ. ದುಡ್ಡು ಕೊಟ್ಟು ಯಾವುದಾದರೂ ಕ್ಲೌಡ್ ಸೇವೆ ಪಡೆಯುವ ಉದ್ಯಮಗಳು 2014ರಲ್ಲಿ ಶೇ 19 ಇದ್ದವು, 2023ಕ್ಕೆ ಶೇ 45 ದಾಟಿದವು.

ಸಮೀಕ್ಷೆಯ ದೌರ್ಬಲ್ಯ ಅಂದರೆ, ತಾವು ಬಳಸುತ್ತಿದ್ದೇವೆ ಎಂದು ಜನರಿಗೇ ಗೊತ್ತಿರುವುದಿಲ್ಲ. ಫೋಟೊ ತಾನಾಗಿ ಮೇಲೆ ಹೋಗುತ್ತಿರುತ್ತದೆ. "ಆನ್‌ಲೈನ್ ಸಂಗ್ರಹ ಬಳಸುತ್ತೀರಾ" ಎಂದರೆ ಇಲ್ಲ ಅನ್ನುತ್ತಾರೆ. "ಫೋನ್ ಬದಲಿಸಿದಾಗ ಹಳೆಯ ಫೋಟೊ ಹೊಸದರಲ್ಲಿ ಬಂತಾ" ಎಂದು ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ.

ಮುಂದಿನ ವರ್ಷಗಳ ಅಂದಾಜುಗಳಿಗೆ ಬೆಲೆ ಕೊಡಬೇಕಾ?

ಕೊಡಿ, ಆದರೆ ಅಂದಾಜು ಎಂದೇ ಓದಿ. ಸಿಸ್ಕೊ ಕಂಪನಿ ಒಮ್ಮೆ ಹೀಗೆ ಅಂದಾಜಿಸಿತ್ತು: 2015ರಲ್ಲಿ 130 ಕೋಟಿ ಇದ್ದ ವೈಯಕ್ತಿಕ ಕ್ಲೌಡ್ ಸಂಗ್ರಹದ ಬಳಕೆದಾರರು 2020ಕ್ಕೆ 230 ಕೋಟಿ ಆಗುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಇಂಥ ಸಂಖ್ಯೆಗಳನ್ನು ಯಾರೋ "2020ರಲ್ಲಿ 230 ಕೋಟಿ ಇದ್ದರು" ಎಂದು ನಡೆದುಹೋದ ಸಂಗತಿಯಂತೆ ಬರೆದುಬಿಡುತ್ತಾರೆ. ಹಾಗೆಯೇ, ಜಗತ್ತಿನಲ್ಲಿ ಹುಟ್ಟುವ ಡೇಟಾ 2018ರ 33 ಜೆಟಾಬೈಟ್‌ನಿಂದ (ಒಂದು ಜೆಟಾಬೈಟ್ ಅಂದರೆ ನೂರು ಕೋಟಿ ಟಿಬಿ) 2025ಕ್ಕೆ 175 ಆಗುತ್ತದೆ ಎಂಬ ಐಡಿಸಿ ಸಂಸ್ಥೆಯ ಮಾತನ್ನು ಸಿಂಕ್ ಸೇವೆಗಳ ಲೇಖನಗಳಲ್ಲಿ ತುರುಕುವುದಿದೆ. ಹುಟ್ಟುವ ಡೇಟಾ ಬೇರೆ, ಉಳಿಸಿಡುವ ಡೇಟಾ ಬೇರೆ. ಬಹುಪಾಲು ಹುಟ್ಟಿದಲ್ಲೇ ಅಳಿದುಹೋಗುತ್ತದೆ.

ಸ್ವಂತ ಸರ್ವರ್‌ನಲ್ಲಿ ನಡೆಸುವ ನೆಕ್ಸ್ಟ್‌ಕ್ಲೌಡ್, ಸ್ವಂತ ಸಾಧನಗಳ ನಡುವೆ ನೇರವಾಗಿ ಫೈಲ್ ಸಾಗಿಸುವ ಸಿಂಕ್‌ಥಿಂಗ್‌ನಂಥವು ಲೆಕ್ಕಕ್ಕೆ ಸಿಗುತ್ತವಾ?

ಅರೆಬರೆ. ಅಲ್ಲಿ ಎಲ್ಲರ ಲೆಕ್ಕ ಇಡುವ ಒಂದು ಕಂಪನಿ ಇರುವುದಿಲ್ಲ, ಅದೇ ಅವುಗಳ ಉದ್ದೇಶ. ಸಿಂಕ್‌ಥಿಂಗ್ ಬಳಸುವವರು ಒಪ್ಪಿದರೆ ಮಾತ್ರ ಹೆಸರಿಲ್ಲದ ವರದಿ ಕಳಿಸುತ್ತದೆ, ಆ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಒಪ್ಪದವರು ಹೊರಗುಳಿಯುವುದರಿಂದ ಅದು ಕನಿಷ್ಠ ಸಂಖ್ಯೆ. ಆದರೆ ಆ ಸಂಖ್ಯೆ ಏರುತ್ತಿದೆಯಾ ಇಳಿಯುತ್ತಿದೆಯಾ ಎಂದು ನೋಡಲು ಸಾಕು. ಒಪ್ಪಿಗೆ ಕೇಳಿ ಎಣಿಸುವ, ಎಣಿಸಿದ್ದನ್ನು ಬಚ್ಚಿಡದ ಈ ಕ್ರಮವನ್ನು ದೊಡ್ಡ ಕಂಪನಿಗಳೂ ಪಾಲಿಸಬೇಕು ಎಂದು ನನ್ನ ಆಸೆ.

ಮುಚ್ಚಿಹೋದ ಸೇವೆಗಳ ಬಳಕೆದಾರರು ಎಲ್ಲಿ ಹೋದರು?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದ ಪ್ರಶ್ನೆ. ಉಬುಂಟು ಒನ್ 2014ರಲ್ಲಿ, ವುವಾಲಾ 2015ರಲ್ಲಿ, ಕಾಪಿ ಮತ್ತು ಬಿಟ್‌ಕಾಸಾ 2016ರಲ್ಲಿ ನಿಂತವು. ಅಮೆಜಾನ್ ಡ್ರೈವ್ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಅವುಗಳ ಬಳಕೆದಾರರು ಬೇರೆ ಸೇವೆಗೆ ಹೋದಾಗ ಅಲ್ಲಿ ಹೊಸ ಖಾತೆಗಳಾಗಿ ಕಾಣುತ್ತಾರೆ. ಒಟ್ಟು ಜನ ಅಷ್ಟೇ, ಉಳಿದ ಸೇವೆಗಳ ಅಂಕಿ ಮಾತ್ರ ಉಬ್ಬುತ್ತದೆ. ಉಳಿದವುಗಳನ್ನಷ್ಟೇ ನೋಡಿ ಇಡೀ ಕ್ಷೇತ್ರ ಬೆಳೆಯುತ್ತಿದೆ ಎಂದರೆ ಲೆಕ್ಕ ತಪ್ಪುತ್ತದೆ.

ಇದರ ಇನ್ನೊಂದು ಮಗ್ಗುಲು ಖಾತೆ ಅಳಿಸುವ ನಿಯಮ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರ ಮೇನಲ್ಲಿ ಹೇಳಿ, ಆ ಡಿಸೆಂಬರ್‌ನಿಂದ ಶುರು ಮಾಡಿತು. ಇಂಥ ಶುಚಿ ಕೆಲಸದ ನಂತರ ಖಾತೆಗಳ ಸಂಖ್ಯೆ ಇಳಿದರೆ ಅದನ್ನು ಜನ ಬಿಟ್ಟುಹೋದರು ಎಂದು ಓದಬಾರದು.

ನಮ್ಮ ಸಂಸ್ಥೆಯಲ್ಲಿ ಇಂಥ ಸೇವೆಯ ಬಳಕೆ ಬೆಳೆಯುತ್ತಿದೆಯಾ ಎಂದು ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಸೇವೆ ತರುವ ಮೊದಲೇ ಒಂದು ಅಳತೆ ತೆಗೆದಿಡಿ. ಮುಂಚೆ ಹೇಗಿತ್ತು ಎಂದು ಗೊತ್ತಿಲ್ಲದಿದ್ದರೆ ಆಮೇಲಿನ ಸಂಖ್ಯೆಯನ್ನು ಯಾವುದಕ್ಕೂ ಹೋಲಿಸಲಾಗುವುದಿಲ್ಲ. ನನ್ನ ಸಲಹೆ ಇಮೇಲ್ ಅಟ್ಯಾಚ್‌ಮೆಂಟ್‌ಗಳನ್ನು ಎಣಿಸುವುದು. ಸಂಸ್ಥೆಯ ಒಳಗೇ ಒಬ್ಬರಿಂದೊಬ್ಬರಿಗೆ ವಾರಕ್ಕೆ ಎಷ್ಟು ಫೈಲ್ ಮೇಲ್‌ನಲ್ಲಿ ಹೋಗುತ್ತಿವೆ? ಹಂಚಿದ ಫೋಲ್ಡರ್ ನಿಜವಾಗಿ ಕೆಲಸಕ್ಕೆ ಬಂದರೆ ಈ ಸಂಖ್ಯೆ ಇಳಿಯಲೇಬೇಕು. ಇಳಿಯದಿದ್ದರೆ, ಎಲ್ಲರ ಹತ್ತಿರ ಖಾತೆ ಇದ್ದರೂ ಕೆಲಸ ಹಳೆಯ ರೀತಿಯಲ್ಲೇ ನಡೆದಿದೆ ಎಂದರ್ಥ.

ಆಮೇಲೆ ನಿರ್ವಾಹಕರ ಪುಟದಲ್ಲಿ ಸಿಗುವ ವರದಿ ನೋಡಿ. ಕಳೆದ 30 ದಿನದಲ್ಲಿ ಫೈಲ್ ಬದಲಾದ ಖಾತೆಗಳೆಷ್ಟು, ಎರಡು ಅಥವಾ ಹೆಚ್ಚು ಸಾಧನ ಜೋಡಿಸಿರುವ ಖಾತೆಗಳೆಷ್ಟು, ಒಬ್ಬರಿಗಿಂತ ಹೆಚ್ಚು ಜನ ತಿದ್ದಿರುವ ಫೋಲ್ಡರ್‌ಗಳೆಷ್ಟು. ಒಟ್ಟು ಜಿಬಿ ನೋಡಬೇಡಿ, ಯಾರೋ ಒಬ್ಬರು ವಿಡಿಯೊ ತುಂಬಿದರೆ ಅದು ಜಿಗಿಯುತ್ತದೆ. ಜೂನ್ ತಿಂಗಳನ್ನು ಹಿಂದಿನ ಜೂನ್ ಜೊತೆಗೇ ಹೋಲಿಸಿ. ರಜೆಯ ತಿಂಗಳು, ವರ್ಷದ ಲೆಕ್ಕ ಮುಗಿಸುವ ತಿಂಗಳು ಒಂದೇ ತರ ಇರುವುದಿಲ್ಲ.

ಒಪ್ಪಿಗೆಯಿಲ್ಲದ ಬೇರೆ ಸೇವೆಗಳನ್ನೂ ಸಿಬ್ಬಂದಿ ಬಳಸುತ್ತಿರುತ್ತಾರೆ. ನೆಟ್‌ವರ್ಕ್ ದಾಖಲೆಯಲ್ಲಿ ಅದು ಕಾಣಬಹುದು. ನೋಡುವುದಾದರೆ ಮೊದಲೇ ಎಲ್ಲರಿಗೂ ತಿಳಿಸಿ, ಒಟ್ಟು ಸಂಖ್ಯೆ ಮಾತ್ರ ತೆಗೆಯಿರಿ. ಯಾರು ಬಳಸಿದರು ಎಂಬ ಹೆಸರು ನಿಮಗೆ ಬೇಡ. ಯಾಕೆ ಬಳಸಿದರು ಅನ್ನುವುದು ಬೇಕು. ಅದಕ್ಕೆ ನೇರವಾಗಿ ಕೇಳುವುದೇ ಸರಿ. ಬಹಳ ಸಲ ಉತ್ತರ, ಸಂಸ್ಥೆ ಕೊಟ್ಟ ಸೇವೆಯಲ್ಲಿ ಹೊರಗಿನವರಿಗೆ ಫೈಲ್ ಕಳಿಸಲು ಆಗುತ್ತಿಲ್ಲ ಎಂಬಂಥ ಸಣ್ಣ ಕಾರಣವೇ ಆಗಿರುತ್ತದೆ.

ಲೇಖನದಲ್ಲೋ ವರದಿಯಲ್ಲೋ ಇಂಥ ಸಂಖ್ಯೆ ಬರೆಯುವಾಗ ಏನೇನು ಹೇಳಬೇಕು?

ಯಾರನ್ನು ಎಣಿಸಿದ್ದು, ಯಾವ ಹೊತ್ತಿನದು, ಎಣಿಸಿದವರು ಯಾರು. ಇಷ್ಟು ಹೇಳಲು ಒಂದೇ ವಾಕ್ಯ ಸಾಕು. "ಡ್ರಾಪ್‌ಬಾಕ್ಸ್‌ಗೆ 70 ಕೋಟಿ ಬಳಕೆದಾರರಿದ್ದಾರೆ" ಎಂದು ಬರೆಯುವ ಬದಲು ಹೀಗೆ ಬರೆಯಿರಿ: "2024ರ ಕೊನೆಗೆ ತನಗೆ ದುಡ್ಡು ಕೊಡುವ 1.82 ಕೋಟಿ ಬಳಕೆದಾರರಿದ್ದರು, ಒಂದು ವರ್ಷದ ಹಿಂದೆ 1.81 ಕೋಟಿ ಇದ್ದರು ಎಂದು ಡ್ರಾಪ್‌ಬಾಕ್ಸ್ ಹೇಳಿದೆ."